ಊಟದ ಮೇಜಿನ ಎಕ್ಸ್‌ಪ್ರೆಸ್

ಆ ಶುಕ್ರವಾರ ಬೆಳಿಗ್ಗೆಯೂ ನಾವು ನೀರುದೋಸೆಯನ್ನು ನಿಂತುಕೊಂಡೇ ತಿಂದೆವು. ಮನೆಯಲ್ಲಿ ಊಟದ ಮೇಜಿಲ್ಲವೆಂದು ನೀವು ಮರುಗಬೇಡಿ. ಆರು ಜನ ಆರಾಮವಾಗಿ ಕೂರಬಹುದಾದ, ನಾನೇ ಹಟ ಹಿಡಿದು ತರಿಸಿದ ಮೇಜು ಇದೆ. ಆದರೆ ರಜೆಯ ದಿನ ಅದು ನಮ್ಮ ಸ್ವಾಧೀನದಲ್ಲಿರುವುದಿಲ್ಲ. ಅದರ ಮೇಲೆ ಹಳೆಯ ಬೆಡ್‌ಶೀಟು, ಬೆಡ್‌ಶೀಟಿನ ಮೇಲೆ ಕತ್ತು ಬಗ್ಗಿಸಿದ ದೀಪ, ದೀಪದ ಕೆಳಗೆ ಒಂದು ಗೇಣುದ್ದದ ರೈಲು ಇಂಜಿನ್. ಆಪರೇಷನ್ ಥಿಯೇಟರಿನೊಳಗೆ ತಟ್ಟೆ ಹಿಡಿದುಕೊಂಡು ಹೋಗಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ನಾನು ಒಲೆಯ ಪಕ್ಕ, ನಮ್ಮವರು ಫ್ರಿಜ್ಜಿಗೆ ಒರಗಿ, ಮಗಳು ನಿಧಿ ಬಾಗಿಲಿಗೆ ಆತುಕೊಂಡು ತಿನ್ನುವುದು ನಮ್ಮ ಶುಕ್ರವಾರದ ಸಂಪ್ರದಾಯ. ನೀರುದೋಸೆಗೆ ಈ ಏರ್ಪಾಡು ಒಗ್ಗುತ್ತದೆ. ನಾಲ್ಕು ಮಡಿಕೆ ಮಾಡಿ ಚಟ್ನಿಗೆ ಅದ್ದಿದರೆ ತಟ್ಟೆಯೂ ಬೇಡ. ಇಡ್ಲಿ ಸಾಂಬಾರಿನ ಶುಕ್ರವಾರಗಳಲ್ಲಿ ಸ್ವಲ್ಪ ಕಷ್ಟ.

ಅದಕ್ಕೆ ಮೊದಲಿನ ಕೆಲಸಗಳೂ ಎಂದಿನವೇ. ಎದ್ದ ಕೂಡಲೇ ತೆಂಗಿನೆಣ್ಣೆಯ ಬಾಟಲಿಯನ್ನು ಬಾಲ್ಕನಿಗೆ ಕಳಿಸಬೇಕು. ರಾತ್ರಿಯಿಡೀ ಎಸಿಯಲ್ಲಿ ಕೂತು ಅದು ಬೆಳ್ಳಗೆ ಕಲ್ಲಾಗಿರುತ್ತದೆ. ವಾಷಿಂಗ್ ಮೆಷಿನ್ನಿನ ಮೇಲೆ, ಬಿಸಿಲು ಬೀಳುವ ಕಡೆ ತುಸು ಹೊತ್ತು ಇಟ್ಟರೆ ಮತ್ತೆ ಮನುಷ್ಯತ್ವಕ್ಕೆ ಬರುತ್ತದೆ. ಆಮೇಲೆ ಹಾಲು, ಆಮೇಲೆ ಕಾಯಿ ತುರಿ, ಆಮೇಲೆ ನಿಧಿಯನ್ನು ಎಬ್ಬಿಸುವ ಮೊದಲನೆಯ ಪ್ರಯತ್ನ. "ಫೈವ್ ಮಿನಿಟ್ಸ್ ಅಮ್ಮ" ಎನ್ನುವುದು ಅವಳ ಉತ್ತರ. ನಾನು ತುಳುವಿನಲ್ಲಿ ಕೂಗಿದರೂ, ಕನ್ನಡದಲ್ಲಿ ಗದರಿದರೂ ಉತ್ತರ ಇಂಗ್ಲಿಷಿನಲ್ಲೇ ಬರುತ್ತದೆ. ಮತ್ತು ಅದು ಐದು ನಿಮಿಷ ಎಂದೂ ಆಗಿರುವುದಿಲ್ಲ.

ದೋಸೆ ಮುಗಿಯುವಷ್ಟರಲ್ಲಿ ಗಂಟೆ ಬಾರಿಸಿತು. ಬಾಗಿಲು ತೆಗೆಯುವ ಮೊದಲೇ ಯಾರೆಂದು ಗೊತ್ತು. ದುಬೈಯ ಕರಾಮಾದ ಈ ಹಳೆಯ ಕಟ್ಟಡದಲ್ಲಿ ನಮ್ಮ ಮಹಡಿಯ ಕಾರಿಡಾರು ಉದ್ದಕ್ಕೆ ಶಾಲೆಯ ಕಾರಿಡಾರಿನ ಹಾಗೆ ಇದೆ. ಅದರ ಈ ತುದಿಯಲ್ಲಿ ನಾವು, ಆ ತುದಿಯಲ್ಲಿ ಹಮೀದಾಕ ಮತ್ತು ಅವರ ಹೆಂಡತಿ ಝೊಹರಕ್ಕ. ಸುರತ್ಕಲ್ಲಿನ ಕಡೆಯವರು, ಮನೆಯಲ್ಲಿ ಬ್ಯಾರಿ ಮಾತಾಡುವವರು. ಹಮೀದಾಕ ಜೆಬೆಲ್ ಅಲಿಯ ಒಂದು ಗೋದಾಮಿನ ಆಫೀಸಿಗೆ ತಲೆಗೂದಲು ಕಪ್ಪಾಗಿದ್ದಾಗ ಸೇರಿದವರು, ಕಳೆದ ತಿಂಗಳು ನಿವೃತ್ತರಾದರು. ಮಂಗಳವಾರ ಗಂಡ ಹೆಂಡತಿ ಶಾಶ್ವತವಾಗಿ ಊರಿಗೆ ಹೊರಡುವವರಿದ್ದರು.

"ಎಂಥ ಶೆಟ್ರೇ, ಇವತ್ತಾದ್ರೂ ಹೊರಡ್ತದಾ ನಿಮ್ಮ ಮದುಮಗಳು?" ಎನ್ನುತ್ತಾ ಅವರು ಒಳಗೆ ಬಂದರು.

ಮದುಮಗಳೆಂದರೆ ಮೇಜಿನ ಮೇಲಿದ್ದ ಇಂಜಿನ್. ನಾಲ್ಕೈದು ವರ್ಷಗಳಿಂದ ಶುಕ್ರವಾರ ಶುಕ್ರವಾರ ಈ ಇಬ್ಬರು ಗಂಡಸರು ಅದನ್ನು ಕಟ್ಟುತ್ತಿದ್ದರು. ಕಟ್ಟಿ ಮುಗಿಯದೆ ಓಡಿಸಬಾರದೆಂಬುದು ನಮ್ಮವರ ನಿಯಮ. ಮೋಟಾರು ಹಾಕಿದ ಮೇಲೂ ಬೆನ್ನ ಮೇಲೆ ಮಲಗಿಸಿ, ಚಕ್ರಗಳನ್ನು ಗಾಳಿಯಲ್ಲಿ ತಿರುಗಿಸಿ ನೋಡಿದ್ದೇ ಹೊರತು ಹಳಿಯ ಮೇಲೆ ಇಟ್ಟವರಲ್ಲ. ಈಗ ಮಂಗಳವಾರ ಬಂದು ಕುತ್ತಿಗೆಯ ಮೇಲೆ ಕೂತಿತ್ತು. ಆ ಶುಕ್ರವಾರ ಪಕ್ಕದ ಊದ್ ಮೇಥಾದ ಒಂದು ಸಮಾರಂಭದ ಹಾಲಿನಲ್ಲಿ ನಮ್ಮ ಕರಾವಳಿಯವರ ವಾರ್ಷಿಕ ಕೂಟ. ಅದರಲ್ಲಿ ಹವ್ಯಾಸಗಳ ಪ್ರದರ್ಶನವೂ ಇತ್ತು. ಅಲ್ಲಿ ಇಂಜಿನ್ ಓಡಬೇಕು, ಹಮೀದಾಕ ಅದನ್ನು ಕಣ್ಣಿನಿಂದ ನೋಡಬೇಕು, ಆಮೇಲೆ ವಿಮಾನ ಹತ್ತಬೇಕು. ಇದು ಯೋಜನೆ. ಹಮೀದಾಕ ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಝೊಹರಕ್ಕ ಹೇಳಿದ್ದರು, ಹಿಂದಿನ ದಿನ ಕೊತ್ತಂಬರಿ ಸೊಪ್ಪು ಕೇಳಲು ಬಂದವರು: "ಇದು ಓಡುವುದು ನೋಡದೆ ಹೋದ್ರೆ ಇವರು ಅಲ್ಲಿ ಹೋಗಿಯೂ ನನ್ನ ಹತ್ರ ಅದನ್ನೇ ಹೇಳ್ತಾ ಕೂತ್ಕೊಳ್ತಾರೆ. ನಂಗೆ ಕೇಳ್ಲಿಕ್ಕೆ ಸಾಧ್ಯ ಇಲ್ಲ ತಂಗಿ."

ಇಂಜಿನ್ ನಮ್ಮ ಮನೆಗೆ ಬಂದದ್ದೂ ಒಬ್ಬರ ನಿರ್ಗಮನದಿಂದಲೇ. ಈ ಊರು ಬಿಟ್ಟು ಹೋಗುವವರು ಸಾಮಾನು ಹಂಚಿ ಹೋಗುತ್ತಾರೆ. ನಮ್ಮ ಅಡುಗೆಮನೆಯ ಅರ್ಧ ಸಾಮಾನು ಹಾಗೆ ಬಂದದ್ದು. ರೈಸ್ ಕುಕ್ಕರು ಕೇರಳದ ನರ್ಸ್ ಒಬ್ಬರದ್ದು, ಪರದೆಗಳು ಲೆಬನಾನಿನ ಕುಟುಂಬದ್ದು, ಬಾಲ್ಕನಿಯ ಕರಿಬೇವು ಯಾರದ್ದೆಂದು ಈಗ ಯಾರಿಗೂ ಗೊತ್ತಿಲ್ಲ. ನಮ್ಮವರ ಜುಮೇರಾ ಲೇಕ್ ಟವರ್ಸಿನ ಆಫೀಸಿನಿಂದ ಒಬ್ಬ ಇಂಗ್ಲಿಷ್ ಸಹೋದ್ಯೋಗಿ ಹೊರಟಾಗ ಉಳಿದವರಿಗೆ ಗಾಲ್ಫ್ ಕೋಲು, ಕಾಫಿ ಮೆಷಿನ್ನು ಎಲ್ಲ ಸಿಕ್ಕಿದವು. ಸಂಕೋಚದ ಸ್ವಭಾವದ ನಮ್ಮವರು ಕೊನೆಯವರಾಗಿ ಹೋದರಂತೆ. ಉಳಿದದ್ದು ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಹಿತ್ತಾಳೆಯ ತಗಡುಗಳು, ಚಕ್ರಗಳು, ಕೂದಲಿನಷ್ಟು ಸಣ್ಣ ಸ್ಕ್ರೂಗಳು, ಮತ್ತು ಒಂದು ಇಂಜಿನ್ನಿನ ನಕ್ಷೆ. ಆ ಮನುಷ್ಯ ಕಟ್ಟಲು ಹೊರಟು ಕೈಬಿಟ್ಟದ್ದು. ನಮ್ಮವರು ಆ ಸಂಜೆ ಪೆಟ್ಟಿಗೆಯನ್ನು ಮೆಟ್ರೊದಲ್ಲಿ ಮಡಿಲಲ್ಲಿಟ್ಟುಕೊಂಡು ಬಂದದ್ದನ್ನು ನೋಡಿ ನಾನು ಸಿಹಿತಿಂಡಿ ಎಂದುಕೊಂಡಿದ್ದೆ.

ನನಗೆ ಯಂತ್ರಗಳ ಬಗ್ಗೆ ಏನೂ ತಿಳಿಯದು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದು ಕರವಸ್ತ್ರದ ಅಂಚು ಮಡಚಿ ಹೊಲಿಯುವುದು, ಸೂಪನ್ನು ಸದ್ದಿಲ್ಲದೆ ಕುಡಿಯುವುದು, ಹಾಗೂ ರೈಲಿನಲ್ಲಿ ಹುಡುಗಿಯರು ಕಿಟಕಿಯಿಂದ ಕೈ ಹೊರಗೆ ಹಾಕದಿರುವುದು. ರೈಲಿನ ಬಗ್ಗೆ ನನ್ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು. ಸೂಪನ್ನು ಆ ಕಾನ್ವೆಂಟಿನ ಹೊರಗೆ ನಾನು ಕುಡಿದದ್ದೇ ಕಡಿಮೆ. ಆದರೆ ಅಂಚು ಹೊಲಿಗೆ ಮಾತ್ರ ಉಪಯೋಗಕ್ಕೆ ಬಂತು. ಇಂಜಿನ್ನಿಗೆ ಕಂದು ಬಣ್ಣ ಬಳಿದಾದ ಮೇಲೆ ಅದರ ಮೈಯುದ್ದಕ್ಕೂ ಹೊಂಬಣ್ಣದ ಒಂದು ಸಣ್ಣ ಗೆರೆ ಎಳೆಯಬೇಕಿತ್ತು. ನಮ್ಮವರ ಕೈ ನಡುಗಿತು, ಹಮೀದಾಕರ ಕನ್ನಡಕ ಜಾರಿತು. ಕೊನೆಗೆ ಕುಂಚ ನನ್ನ ಕೈಗೆ ಬಂತು. ಉಸಿರು ಹಿಡಿದು ಎಳೆದೆ. ಮೂಲೆಗಳಲ್ಲಿ ಗೆರೆ ತಿರುಗುವಾಗ ದಿಂಬಿನ ಕವರಿನ ಮೂಲೆ ತಿರುಗಿಸಿದ ಹಾಗೇ ಆಗುತ್ತದೆ. ಬಟ್ಟೆಯ ಬದಲು ನಿಮ್ಮ ಉಸಿರನ್ನು ತಿರುಗಿಸಬೇಕು, ಅಷ್ಟೇ. ಆ ದಿನದಿಂದ ನನಗೂ ಈ ಸಂಸಾರದಲ್ಲಿ ಒಂದು ಸ್ಥಾನ ಸಿಕ್ಕಿತು. ಗೆರೆ ಎಳೆದ ವಸ್ತುವಿನ ಚರಿತ್ರೆ ತಿಳಿದಿರಲಿ ಎಂದು ಮಧ್ಯಾಹ್ನಗಳಲ್ಲಿ ಒಂದಿಷ್ಟು ಓದಿಕೊಂಡೆ.

ಸಾಮಾನ್ಯವಾಗಿ ಉಗಿಬಂಡಿಯ ಇಂಜಿನ್ನಿಗೆ ಹಿಂದೆ ಒಂದು ಗಾಡಿ ಇರುತ್ತದೆ, ಟೆಂಡರು ಎನ್ನುತ್ತಾರೆ. ಅದರಲ್ಲಿ ಕಲ್ಲಿದ್ದಲು, ನೀರು. ದೂರದ ಪ್ರಯಾಣಕ್ಕೆ ಹೊರಟವರ ಹಿಂದೆ ಅಡುಗೆಯವರು ಬಂದ ಹಾಗೆ. ಟ್ಯಾಂಕ್ ಇಂಜಿನ್ನಿಗೆ ಆ ವೈಭವ ಇಲ್ಲ. ಬಾಯ್ಲರಿನ ಎರಡು ಪಕ್ಕದಲ್ಲಿ ನೀರಿನ ತೊಟ್ಟಿ, ಬೆನ್ನಿನ ಹಿಂದೆ ಒಂದು ಗೂಡಿನಲ್ಲಿ ಕಲ್ಲಿದ್ದಲು. ಬೇಕಾದದ್ದನ್ನೆಲ್ಲ ಮೈಮೇಲೆ ಹೊತ್ತುಕೊಂಡೇ ಓಡುತ್ತದೆ. ಹೆಚ್ಚಾಗಿ ಇವು ಪುಟ್ಟ ಇಂಜಿನ್‌ಗಳು; ನಿಲ್ದಾಣದೊಳಗೆ ಡಬ್ಬಿಗಳನ್ನು ಆಚೆ ಈಚೆ ತಳ್ಳುವ, ಹತ್ತಿರದ ಊರುಗಳಿಗೆ ಹೋಗಿ ಬರುವ ಬಡಪಾಯಿಗಳು. ಆದರೆ ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ಕೆಲವು ಕಂಪನಿಗಳಿಗೆ ಒಂದು ಯೋಚನೆ ಬಂತು. ಲಂಡನ್ನಿನಿಂದ ಸಮುದ್ರತೀರದ ಪೇಟೆಗೆ ದಾರಿ ಗಿಡ್ಡ; ನಮ್ಮ ದುಬೈಯಿಂದ ಅಬುಧಾಬಿಗಿಂತಲೂ ಹತ್ತಿರ. ಅಷ್ಟಕ್ಕೆ ಹಿಂದೆ ಗಾಡಿ ಎಳೆದುಕೊಂಡು ಹೋಗುವುದೇಕೆ? ಟ್ಯಾಂಕ್ ಇಂಜಿನ್ನನ್ನೇ ದೊಡ್ಡದಾಗಿ, ಎಕ್ಸ್‌ಪ್ರೆಸ್ ರೈಲಿಗೆ ಸರಿಹೊಂದುವ ಹಾಗೆ ಕಟ್ಟಿದರೆ? ಹಾಗೆ ಕಟ್ಟಿದರು. ಬೆರಳುಗಳಲ್ಲಿ ಎಣಿಸಿ ಮುಗಿಸಬಹುದಾದಷ್ಟು ಮಾತ್ರ. ನಮ್ಮ ಮೇಜಿನ ಮೇಲಿದ್ದದ್ದು ಅಂಥದೊಂದು ಸಣ್ಣ ಕುಟುಂಬದ ಮಗಳು.

ಇವಳ ದೊಡ್ಡ ಗುಣ, ತಿರುಗಿ ನಿಲ್ಲಬೇಕಾಗಿಲ್ಲ. ಟೆಂಡರಿನ ಇಂಜಿನ್ನನ್ನು ಹಿಂದುಮುಂದಾಗಿ ವೇಗವಾಗಿ ಓಡಿಸುವುದು ಕಷ್ಟ. ಅದನ್ನು ದೊಡ್ಡ ದುಂಡು ಕಟ್ಟೆಯ ಮೇಲೆ ನಿಲ್ಲಿಸಿ, ಕಟ್ಟೆಯನ್ನೇ ತಿರುಗಿಸಿ ಮುಖ ಬದಲಿಸಬೇಕು. ಟ್ಯಾಂಕ್ ಇಂಜಿನ್ ಹೋದ ಹಾಗೆಯೇ ಹಿಮ್ಮುಖವಾಗಿ ಬರಬಲ್ಲದು. ಪುಸ್ತಕದಲ್ಲಿ ಹಾಗೆ ಬರೆದಿತ್ತು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಹಿಮ್ಮುಖವಾಗಿ ಬರುವಾಗ ಕಲ್ಲಿದ್ದಲಿನ ಪುಡಿಯೆಲ್ಲ ಹಾರಿ ಚಾಲಕನ ಕಣ್ಣಿಗೆ ಬೀಳುತ್ತಿತ್ತು ಎಂದೂ ಇತ್ತು. ಗುಣಗಳನ್ನು ದೊಡ್ಡ ಅಕ್ಷರದಲ್ಲೂ ಅವುಗಳ ಫಲವನ್ನು ಅನುಭವಿಸುವವರನ್ನು ಸಣ್ಣ ಅಕ್ಷರದಲ್ಲೂ ಬರೆಯುವುದು ಮದುವೆಯ ಜಾಹೀರಾತಿನಲ್ಲಿ ಮಾತ್ರ ಎಂದುಕೊಂಡಿದ್ದೆ.

ಇನ್ನೊಂದು ತೊಂದರೆ ನನಗೆ ಓದಿದ ಕೂಡಲೇ ಅರ್ಥವಾಯಿತು. ತೊಟ್ಟಿ ತುಂಬಿದ್ದಾಗ ಇಂಜಿನ್ ಗಂಭೀರವಾಗಿ ಓಡುತ್ತಿತ್ತು. ಅರ್ಧ ಖಾಲಿಯಾದ ಮೇಲೆ ಒಳಗಿನ ನೀರು ಆ ಕಡೆ ಈ ಕಡೆ ತುಳುಕಿ ಇಂಜಿನ್ನನ್ನೇ ಹೊಯ್ದಾಡಿಸುತ್ತಿತ್ತು. ಅರ್ಧ ಪಾತ್ರೆ ಪಾಯಸವನ್ನು ಕಾರಿನಲ್ಲಿ ಒಯ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಂಬಿದ ಪಾತ್ರೆ ಹೋಗುವಾಗ ಸುಮ್ಮನಿರುತ್ತದೆ. ಕೂಟದಲ್ಲಿ ಬಡಿಸಿ ಉಳಿದ ಅರ್ಧ ಪಾತ್ರೆ ವಾಪಸ್ಸು ಬರುವಾಗ ಮೊದಲನೆಯ ಸಿಗ್ನಲಿನಲ್ಲೇ ಸೀರೆಗೆ ಬರುತ್ತದೆ. ಇಂಗ್ಲಿಷರು ಇದಕ್ಕೆ ಮಾಡಿದ ಉಪಾಯ ಕೇಳಿ. ನೀರನ್ನು ಕೆಳಗೆ, ಚಕ್ರಗಳ ನಡುವೆ, ಇನ್ನೊಂದು ತೊಟ್ಟಿ ಮಾಡಿ ಇಳಿಸಿದರು. ಪಕ್ಕದ ದೊಡ್ಡ ತೊಟ್ಟಿಗಳ ಮೇಲ್ಭಾಗವನ್ನು ಒಳಗಿಂದ ಮುಚ್ಚಿ ಖಾಲಿ ಬಿಟ್ಟರು. ಹೊರಗಿನಿಂದ ನೋಡಿದರೆ ಅದೇ ಭವ್ಯ ಗಾತ್ರ, ಅದೇ ಬಣ್ಣ, ಅದೇ ಗೆರೆ. ಒಳಗೆ ಗಾಳಿ. ನಾನು ಇಷ್ಟು ಜಾಗ್ರತೆಯಿಂದ ಹೊಂಬಣ್ಣದ ಅಂಚು ಕಟ್ಟಿದ್ದು ಗಾಳಿ ತುಂಬಿದ ಡಬ್ಬಕ್ಕೆ ಎಂದು ತಿಳಿದಾಗ ಒಂದು ಕ್ಷಣ ಬೇಸರವಾಯಿತು. ಆಮೇಲೆ ನಮ್ಮ ಸಮಾರಂಭಗಳಿಗೆ ನಾವು ಹಿಡಿದುಕೊಂಡು ಹೋಗುವ ದೊಡ್ಡ ದೊಡ್ಡ ಹ್ಯಾಂಡ್‌ಬ್ಯಾಗುಗಳು ನೆನಪಾಗಿ ಸಮಾಧಾನವಾಯಿತು. ನನ್ನದರಲ್ಲಿ ಒಂದು ಕರವಸ್ತ್ರ, ಮೊಬೈಲು, ಎರಡು ಏಲಕ್ಕಿ ಇರುತ್ತದೆ.

ನಮ್ಮವರು ದಿನವೂ ಹತ್ತುವ ಮೆಟ್ರೊಗೆ ಇಂಜಿನ್ನೇ ಇಲ್ಲ, ಚಾಲಕನೂ ಇಲ್ಲ. ಬೆಳಿಗ್ಗೆ ಅದರ ಮುಖವಾಗಿದ್ದದ್ದು ಸಂಜೆ ಅದರ ಬೆನ್ನು. ಯಾರಿಗೂ ಅದರ ಬಗ್ಗೆ ಕುತೂಹಲವೂ ಇಲ್ಲ. ಹಿಂದುಮುಂದಿನ ತೊಂದರೆಯನ್ನು ಬಿಡಿಸಲು ಆ ಕಾಲದವರು ಎಷ್ಟು ಪಾಡುಪಟ್ಟರೆಂದು ತಿಳಿದ ಮೇಲೆ ನಾನು ಒಮ್ಮೆ ಮೆಟ್ರೊದ ಮುಂದಿನ ಗಾಜಿನ ಹತ್ತಿರ ನಿಂತು ಗೌರವದಿಂದ ನೋಡಿದೆ. ಪಕ್ಕದಲ್ಲಿ ಒಬ್ಬಾಕೆ ತುಟಿಗೆ ಬಣ್ಣ ಹಚ್ಚುತ್ತಿದ್ದಳು.

ಈ ಇಬ್ಬರ ಸ್ನೇಹವೂ ವಿಚಿತ್ರವೇ. ನಾಲ್ಕೈದು ವರ್ಷ ಒಂದೇ ದೀಪದ ಕೆಳಗೆ ತಲೆಗೆ ತಲೆ ತಾಗುವಷ್ಟು ಹತ್ತಿರ ಕೂತವರು ಪರಸ್ಪರ ಆಡಿದ ಮಾತುಗಳನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೇನೆ. "ಹಿಡೀರಿ." "ಬಿಡಿ." "ಅಲ್ಲ, ಈ ಕಡೆ." "ಹಾಂ." ನಡುವೆ ಬೆಸುಗೆಯ ಹೊಗೆ. ಹಮೀದಾಕ ನಮ್ಮವರಿಗಿಂತ ತುಂಬ ದೊಡ್ಡವರು, ಆದರೂ ಶೆಟ್ರೇ ಎಂದೇ ಕರೆಯುತ್ತಾರೆ. ನಮ್ಮವರು ಎಂಜಿನಿಯರು, ಆದರೂ ಬೆಸುಗೆಯ ಕಡ್ಡಿ ಹಮೀದಾಕರ ಕೈಯಲ್ಲೇ. ಹಳಿಗೆಂದು ಹಮೀದಾಕ ಜೆಬೆಲ್ ಅಲಿಯಲ್ಲಿ ಒಡೆದ ಪೆಟ್ಟಿಗೆಗಳ ಪ್ಲೈವುಡ್ ತಂದು ಎರಡು ಹಲಗೆ ಮಾಡಿ, ಮೊಟ್ಟೆಯಾಕಾರಕ್ಕೆ ಹಳಿ ಬಾಗಿಸಿ ಕೂರಿಸಿದ್ದರು. ಹಲಗೆಗಳು ಅವರ ಸೋಫಾದ ಕೆಳಗೆ ಇದ್ದವು. ಅವನ್ನು ಬಿಡಿಸಿ ಹಾಸುವಷ್ಟು ಜಾಗ ನಮ್ಮ ಎರಡೂ ಮನೆಯಲ್ಲಿ ಇರಲಿಲ್ಲ. "ನನ್ನ ಸೋಫಾದ ಕೆಳಗೆ ಗುಡಿಸದೆ ಎಷ್ಟು ಸಮಯ ಆಯ್ತು ಗೊತ್ತುಂಟಾ?" ಎಂದು ಝೊಹರಕ್ಕ ಆಗಾಗ ಕೇಳುತ್ತಿದ್ದರು. "ಮದುಮಗಳಿಗೂ ಇಷ್ಟು ವರ್ಷ ಸಿಂಗಾರ ಮಾಡುವುದಿಲ್ಲ."

ಆ ಬೆಳಿಗ್ಗೆ ಉಳಿದಿದ್ದ ಸಿಂಗಾರ ಒಂದೇ, ಚಕ್ರಗಳ ಅಚ್ಚಿಗೆ ಎಣ್ಣೆ. ಯಂತ್ರದ ಎಣ್ಣೆಯ ಪುಟ್ಟ ಶೀಶೆಯನ್ನು ನಮ್ಮವರು ಬೆಳಕಿಗೆ ಹಿಡಿದು ನೋಡಿದರು. ಖಾಲಿ. ಹತ್ತಿರದ ಹಾರ್ಡ್‌ವೇರ್ ಅಂಗಡಿ ಶುಕ್ರವಾರ ತೆರೆಯುವುದು ಸಂಜೆಯೇ.

"ತೆಂಗಿನೆಣ್ಣೆ ಆಗ್ತದೆ ಮಾರಾಯ್ರೇ," ಎಂದರು ಹಮೀದಾಕ. "ನನ್ನ ಉಮ್ಮನ ಹೊಲಿಗೆ ಮೆಷಿನ್ನಿಗೆ ಬೇರೆ ಎಣ್ಣೆ ಹಾಕಿದ್ದೇ ಇಲ್ಲ. ಈಗಲೂ ಉಂಟು ಆ ಮೆಷಿನ್ನು."

"ನಮ್ಮಲ್ಲಿ ಬಾಗಿಲ ಕೀಲಿಗೂ ಅದೇ," ಎಂದರು ನಮ್ಮವರು.

ಹಮೀದಾಕ ಬಾಲ್ಕನಿಗೆ ಹೋಗಿ ಬಾಟಲಿ ತಂದರು. ಬಿಸಿಲಿಗೆ ಎಣ್ಣೆ ಕರಗಿ ಕನ್ನಡಿಯ ಹಾಗೆ ತಿಳಿಯಾಗಿತ್ತು. ಸೂಜಿಯ ತುದಿಯಿಂದ ತೊಟ್ಟು ತೊಟ್ಟಾಗಿ ಅಚ್ಚಿಗೆ, ಹಲ್ಲಿನ ಚಕ್ರಕ್ಕೆ ಬಿಟ್ಟರು. ಬೆನ್ನ ಮೇಲೆ ಮಲಗಿಸಿ ಕರೆಂಟು ಕೊಟ್ಟಾಗ ಚಕ್ರಗಳು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿದವು. ಅಲ್ಲಿದ್ದ ಮೂವರೂ ತೆಂಗಿನೆಣ್ಣೆಯಲ್ಲೇ ಬೆಳೆದವರು. ಸಮುದ್ರ ಕಾಣುವ ಊರಿನವರು, ಮೈಗೆ, ತಲೆಗೆ, ಒಗ್ಗರಣೆಗೆ, ಕೀಲಿಗೆ ಅದನ್ನೇ ಹಾಕಿಕೊಂಡವರು. ಊರಿನಲ್ಲಿ ಅದು ವರ್ಷಕ್ಕೆ ನಾಲ್ಕು ದಿನ ಗಟ್ಟಿಯಾದರೆ ಹೆಚ್ಚು. ಆಗ ನಮ್ಮ ಬುದ್ಧಿ ಊರಿನ ಹವೆಯಲ್ಲೇ ಇತ್ತು.

ಊದ್ ಮೇಥಾದ ಹಾಲಿನ ಹವೆ ಬೇರೆ. ನಮ್ಮ ಊರಿನವರ ಕೂಟಗಳಲ್ಲಿ ಎಸಿಯನ್ನು ಗಂಡಸರ ಕೋಟಿಗೆ ಸರಿಯಾಗಿ ಇಟ್ಟಿರುತ್ತಾರೆ. ರೇಷ್ಮೆ ಸೀರೆಯ ಹೆಂಗಸರು ಸೆರಗನ್ನು ಕುತ್ತಿಗೆಯವರೆಗೆ ಹೊದ್ದು ಒಡವೆ ಕಾಣದಂತಾಗಿ ದುಃಖಿಸುತ್ತಾರೆ. ಪ್ರದರ್ಶನದ ಮೇಜುಗಳು ಎಸಿಯ ಬಾಯಿಯ ಕೆಳಗೇ ಇದ್ದವು. ಒಂದು ಪಕ್ಕ ನಾಣ್ಯಗಳು, ಇನ್ನೊಂದು ಪಕ್ಕ ಸಕ್ಕರೆಯ ಗುಲಾಬಿ ಹೂಗಳ ಕೇಕು, ನಡುವೆ ಹಮೀದಾಕರ ಪ್ಲೈವುಡ್ಡಿನ ಮೇಲೆ ನಮ್ಮ ಕಂದು ಇಂಜಿನ್. ಸರದಿ ಬರಲು ಕಾಯಬೇಕಿತ್ತು. ಜನ ಬಂದು ನೋಡಿ ಹೋದರು.

"ಶೆಟ್ರೆ, ಎಷ್ಟು ಮೈಲೇಜ್ ಕೊಡ್ತದೆ?" ಎಂದರು ಒಬ್ಬರು.

"ಇದು ನಮ್ಮ ಸುಬ್ರಹ್ಮಣ್ಯ ಘಾಟಿಯಲ್ಲಿ ಮೊದಲು ಓಡ್ತಿತ್ತಲ್ಲ, ಅದೇ ಅಲ್ವಾ?" ಎಂದರು ಇನ್ನೊಬ್ಬರು.

"ಅಲ್ಲ, ಇಂಗ್ಲೆಂಡಿಂದು," ಎಂದರು ನಮ್ಮವರು.

"ಹೌದಾ. ಆದ್ರೂ ಅದೇ ಥರ ಉಂಟು."

ಒಬ್ಬ ಹೆಂಗಸು ಗೆರೆಗಳನ್ನು ಬಗ್ಗಿ ನೋಡಿ, ನಾನೇ ಎಳೆದದ್ದೆಂದು ತಿಳಿದು, "ನನ್ನ ನೀಲಿ ಬ್ಲೌಸಿನ ತೋಳಿಗೆ ಹೀಗೆ ಒಂದು ಮಾಡಿ ಕೊಡ್ತೀರಾ?" ಎಂದು ಕೇಳಿದರು. ಇಂಜಿನ್ ಕಟ್ಟಿದವರಿಗೆ ಆ ದಿನ ಸಿಕ್ಕಿದ ಮೆಚ್ಚುಗೆಯಲ್ಲಿ ಅದೇ ದೊಡ್ಡದು.

ಮೈಕಿನಲ್ಲಿ ನಮ್ಮ ಸರದಿ ಕೂಗಿದರು. ಹತ್ತಿಪ್ಪತ್ತು ಜನ ಮೊಬೈಲು ಎತ್ತಿ ಹಿಡಿದು ಸುತ್ತ ನಿಂತರು. ಹಮೀದಾಕ ಎಲ್ಲರಿಗಿಂತ ಮುಂದೆ, ಕೈಗಳನ್ನು ಹಿಂದೆ ಕಟ್ಟಿಕೊಂಡು. ನಮ್ಮವರು ಗುಂಡಿ ತಿರುಗಿಸಿದರು. ಇಂಜಿನ್ "ಹೂಂ" ಎಂದಿತು. ಇನ್ನಷ್ಟು ತಿರುಗಿಸಿದರು. ಇನ್ನಷ್ಟು ಗಟ್ಟಿಯಾಗಿ "ಹೂಂ" ಎಂದಿತು. ಹೆಜ್ಜೆ ಎತ್ತಲಿಲ್ಲ. ಬೆರಳಿನಿಂದ ತಳ್ಳಿದರೆ ಮಂಚದಿಂದ ಏಳದ ನಿಧಿಯ ಹಾಗೆ ತುಸು ಜರುಗಿ ಅಲ್ಲೇ ನಿಂತಿತು. ಜನ ಸಭ್ಯರು. ಮೊದಲು ಮೊಬೈಲು ಇಳಿಸಿದರು, ಆಮೇಲೆ "ಕನೆಕ್ಷನ್ ಇರ್ಬೇಕು, ನೋಡಿ" ಎಂದರು, ಆಮೇಲೆ ಕೋಳಿರೊಟ್ಟಿಯ ವಾಸನೆ ಬಂದ ದಿಕ್ಕಿಗೆ ಹೋದರು. ಹಮೀದಾಕ ಮಾತ್ರ ಅಲ್ಲೇ ನಿಂತಿದ್ದರು. ಅವರ ಮುಖ ನೋಡಬಾರದೆಂದು ನಾನು ಇಂಜಿನ್ನನ್ನು ನೋಡಿದೆ. ಹಾಗೆ ನೋಡಿದ್ದರಿಂದಲೇ ಕಣ್ಣಿಗೆ ಬಿತ್ತು: ಪ್ರತಿ ಚಕ್ರದ ಅಚ್ಚಿನ ಸುತ್ತ ಬೆಳ್ಳಗೆ, ತುಪ್ಪದ ಹಾಗೆ, ಒಂದು ಉಂಗುರ.

"ಎಣ್ಣೆ ಗಟ್ಟಿಯಾಗಿದೆ," ಎಂದೆ.

ಇಬ್ಬರೂ ಬಗ್ಗಿ ನೋಡಿದರು.

"ಉಮ್ಮನ ಮನೆಯಲ್ಲಿ ಎಸಿ ಇರ್ಲಿಲ್ಲ," ಎಂದರು ಹಮೀದಾಕ.

ಆಮೇಲೆ ನಡೆದದ್ದನ್ನು ಹೇಳಿದರೆ ನೀವು ನಗುತ್ತೀರಿ. ಬಿಳಿ ಅಂಗಿ ಪ್ಯಾಂಟಿನ ಇಬ್ಬರು ಗಂಡಸರು ಒಂದು ಇಂಜಿನ್ನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಹೆರಿಗೆ ಆಸ್ಪತ್ರೆಯಿಂದ ಹೊರಟವರ ಹಾಗೆ ಪಾರ್ಕಿಂಗಿಗೆ ಓಡಿದರು. ಮಾರ್ಚಿನ ಮಧ್ಯಾಹ್ನ. ನಮ್ಮ ಕಾರಿನ ಬಾನೆಟ್ಟಿನ ಮೇಲೆ ಟವೆಲು ಹಾಸಿ ಅದನ್ನು ಬಿಸಿಲಿಗೆ ಮಲಗಿಸಿದರು. ಎರಡು ಪಕ್ಕ ಇಬ್ಬರು ನಿಂತು ಕಾದರು. ಕಾರು ತೊಳೆಯುವ ಒಬ್ಬ ಬಂದು, ನೋಡಿ, ಏನೂ ಕೇಳದೆ ಮುಂದಿನ ಕಾರಿಗೆ ಹೋದ. ಈ ಊರಿನಲ್ಲಿ ವಿಚಿತ್ರಗಳನ್ನು ಕಂಡು ಪ್ರಶ್ನೆ ಕೇಳುವ ಅಭ್ಯಾಸ ಯಾರಿಗೂ ಉಳಿಯುವುದಿಲ್ಲ. ಬೆಳ್ಳನೆಯ ಉಂಗುರಗಳು ನಿಧಾನಕ್ಕೆ ತಿಳಿಯಾದವು. ಅವರು ಮತ್ತೆ ಟವೆಲು ಸುತ್ತಿಕೊಂಡು ಒಳಗೆ ಬರುವಾಗ ಹಾಲಿನಲ್ಲಿ ಮೇಜುಗಳನ್ನು ಮಡಚಿ ಗೋಡೆಗೆ ಒರಗಿಸಿಯಾಗಿತ್ತು. ಊಟಕ್ಕೆ ಜಾಗ ಬೇಕಿತ್ತು. ನಮ್ಮ ಹಲಗೆಗಳನ್ನೂ ಯಾರೋ ಮಡಚಿ, ಮೇಲೆ ಹಪ್ಪಳದ ಡಬ್ಬಿ ಇಟ್ಟಿದ್ದರು. ವೇದಿಕೆಯಲ್ಲಿ ಮಕ್ಕಳ ನೃತ್ಯ. ಆಯೋಜಕರು ಒಳ್ಳೆಯವರು, "ಮುಂದಿನ ವರ್ಷ ಖಂಡಿತ" ಎಂದರು.

ಮುಂದಿನ ವರ್ಷ ಎಂಬ ಮಾತಿಗೆ ಹಮೀದಾಕ ತಲೆಯಾಡಿಸಿದರು, ಸಭ್ಯತೆಗೆ.

ಹಿಂದಿರುಗುವಾಗ ಕಾರಿನಲ್ಲಿ ಗಂಡಸರು ಮುಂದೆ, ನಾವು ಮೂವರು ಹೆಂಗಸರು ಹಿಂದೆ. ಹಮೀದಾಕರ ಮಡಿಲಲ್ಲಿ ಟವೆಲಿನ ಗಂಟು. ಎಸಿ ಹಾಕಬೇಡಿ ಎಂದು ಅವರೇ ಹೇಳಿದ್ದರು, ಆದ್ದರಿಂದ ಎಲ್ಲರೂ ಬೆವರುತ್ತಿದ್ದೆವು. ಝೊಹರಕ್ಕ ಮೊದಮೊದಲು ಹಾಲ್‌ನ ಬಿರಿಯಾನಿಯನ್ನು ಬೈದರು. ಆಮೇಲೆ ಕಿಟಕಿಯ ಗಾಜು ಇಳಿಸಿ ಗಾಳಿಗೆ ಮುಖ ಒಡ್ಡಿದರು. ನಾಳೆ ಅವರ ಸೋಫಾ ಕೊಂಡವರು ಬಂದು ಒಯ್ಯುವವರಿದ್ದರು, ನಾಡಿದ್ದು ಸಾಮಾನಿನ ಕಾರ್ಗೋದವರು; ಆ ಮನೆ ತುಂಬ ಪೆಟ್ಟಿಗೆಗಳು, ಇಬ್ಬರಿಗೂ ಬಿಡುವಿದ್ದದ್ದು ಆ ಸಂಜೆ ಮಾತ್ರ. ಹಲಗೆ ಹಾಸಲು ಸಂಜೆಯೊಳಗೆ ಈ ಕರಾಮಾದಲ್ಲಿ ಜಾಗ ಎಲ್ಲಿ ಹುಡುಕುವುದು?

"ವೈ ಡು ಯು ನೀಡ್ ದ ಸರ್ಕಲ್?" ಎಂದಳು ನಿಧಿ, ಮೊಬೈಲಿನಿಂದ ಕಣ್ಣು ತೆಗೆಯದೆ. "ಇಟ್ ಗೋಸ್ ಬ್ಯಾಕ್‌ವರ್ಡ್ಸ್ ಆಲ್ಸೊ, ನೋ? ಕಾರಿಡಾರಲ್ಲಿ ಸ್ಟ್ರೈಟ್ ಇಡಿ ಅಪ್ಪ."

ನಮ್ಮವರು ಕನ್ನಡಿಯಲ್ಲಿ ಅವಳನ್ನು ನೋಡಿದರು. ಹಮೀದಾಕ ಹಿಂತಿರುಗಿಯೇ ನೋಡಿದರು. ನಾಲ್ಕೈದು ವರ್ಷ ನಕ್ಷೆ ಓದಿದವರು ಇಬ್ಬರು, ಚರಿತ್ರೆ ಓದಿದವಳು ನಾನು. ಹೋದ ಹಾಗೆಯೇ ಹಿಂದಕ್ಕೆ ಬರುವುದಕ್ಕೆಂದೇ ಹುಟ್ಟಿದ ಇಂಜಿನ್ನಿಗೆ ನಾವು ಸುತ್ತು ಹಾಕಿಸಲು ಹೊರಟಿದ್ದೆವು. ಒಂದು ತುದಿ, ಇನ್ನೊಂದು ತುದಿ, ನಡುವೆ ನೇರ ದಾರಿ. ಅದು ಬೇಡಿದ್ದು ಅಷ್ಟೇ.

ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಹಮೀದಾಕ ಲುಂಗಿ ಉಟ್ಟು ಬಂದರು. ಇಬ್ಬರೂ ನೆಲದ ಮೇಲೆ ಕೂತು ಹಲಗೆಯಿಂದ ಹಳಿಗಳನ್ನು ಬಿಡಿಸಿದರು. ಬಾಗಿದ್ದ ಹಳಿಗಳನ್ನು ಬೆರಳಿನಿಂದ ನೀವಿ ನೀವಿ ನೇರ ಮಾಡಿದರು. ಜಡೆ ಬಿಚ್ಚಿದ ಕೂದಲನ್ನು ಸರಿಮಾಡಿದ ಹಾಗೆ. ಅವರ ಬಾಗಿಲಿನ ಮುಂದಿನಿಂದ ಹೊರಟ ಹಳಿ ನಮ್ಮ ಬಾಗಿಲನ್ನು ಮುಟ್ಟಲಿಲ್ಲ. ನಮ್ಮ ಕಾಲೊರಸಿಗೆ ಇನ್ನೂ ಕೆಲವು ಹೆಜ್ಜೆ ಇರುವಾಗಲೇ ಮುಗಿದುಹೋಯಿತು. ಪರವಾಗಿಲ್ಲ ಎಂದುಕೊಂಡರು. ನಾತೂರ್, ಅಂದರೆ ನಮ್ಮ ಕಟ್ಟಡದ ಕಾವಲುಗಾರ, ಲಿಫ್ಟಿನಿಂದ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಸಾಬ್, ಯೇ ಕ್ಯಾ ಹೈ?"

"ರೈಲ್," ಎಂದರು ಹಮೀದಾಕ. "ದಸ್ ಮಿನಿಟ್. ಫಿರ್ ಖಲಾಸ್."

ಅವನು ಲಿಫ್ಟಿನ ದಾರಿ ಬಿಡಿ ಎಂದಷ್ಟೇ ಹೇಳಿ, ಹೋಗದೆ ಅಲ್ಲೇ ನಿಂತ.

ಕಾರಿಡಾರಿನಲ್ಲಿ ಎಸಿ ಇಲ್ಲ. ಬೇಸಿಗೆಯಲ್ಲಿ ಅದೊಂದು ಶಾಪ, ಆ ಸಂಜೆ ವರ. ನಮ್ಮವರು ಗುಂಡಿ ತಿರುಗಿಸಿದರು. ಇಂಜಿನ್ ಈ ಸಲ ಏನೂ ಅನ್ನಲಿಲ್ಲ. ಒಮ್ಮೆ ಮೈ ಕೊಡವಿ, ಹೊರಟಿತು. ಹಳಿಯ ಸಂದುಗಳ ಮೇಲೆ ಟಿಕ್ ಟಿಕ್ ಎನ್ನುತ್ತಾ, ದೊಡ್ಡ ಚಕ್ರಗಳ ಸರಳುಗಳು ಮೇಲೆ ಕೆಳಗೆ ಆಡುತ್ತಾ, ಕಾರಿಡಾರಿನ ಟ್ಯೂಬ್‌ಲೈಟಿನಲ್ಲಿ ನನ್ನ ಗೆರೆ ಮಿನುಗುತ್ತಾ ಹೋಯಿತು. ಸಣ್ಣಗೆ ಬಿಸಿಯಾದ ತೆಂಗಿನೆಣ್ಣೆಯ ವಾಸನೆ ಬಂತು. ಯಾರದೋ ಮನೆಯಲ್ಲಿ ಒಗ್ಗರಣೆಗೆ ಇಟ್ಟ ಹಾಗೆ. ಹಳಿಯ ತುದಿಯಲ್ಲಿ ನಮ್ಮವರು ಸ್ವಿಚ್ಚು ಬದಲಿಸಿದರು. ಮುಖ ತಿರುಗಿಸದೆ, ಯಾವ ಬಿಗುಮಾನವೂ ಇಲ್ಲದೆ, ಅದು ಹಿಂದಕ್ಕೆ ಬಂತು. ಹಮೀದಾಕರ ಚಪ್ಪಲಿಯ ಮುಂದೆ ನಿಂತಿತು.

"ಇನ್ನೊಮ್ಮೆ," ಎಂದರು ಅವರು.

ಹತ್ತು ನಿಮಿಷ ಎಂದದ್ದು ಎಷ್ಟೋ ಆಯಿತು. ನಾತೂರ್ ಬಗ್ಗಿ ಕೂತಿದ್ದ. ನಿಧಿ ಮೊಬೈಲಿನಲ್ಲಿ ಹಿಡಿಯುತ್ತಾ ನೆಲಕ್ಕೆ ಮಲಗಿಯೇ ಬಿಟ್ಟಿದ್ದಳು. ನಾನು ನಮ್ಮ ಹೊಸ್ತಿಲಲ್ಲಿ, ಝೊಹರಕ್ಕ ಅವರ ಹೊಸ್ತಿಲಲ್ಲಿ. ಇಂಜಿನ್ ಅವರ ಬಾಗಿಲಿನಿಂದ ನಮ್ಮ ಕಡೆಗೆ, ನಮ್ಮ ಕಡೆಯಿಂದ ಅವರ ಬಾಗಿಲಿಗೆ.

ನಾನು ಓದಿದ ಚರಿತ್ರೆಯ ಕೊನೆಯ ಪುಟ ಆಗ ನೆನಪಾಯಿತು. ಆ ಸಣ್ಣ ಕುಟುಂಬದ ಇಂಜಿನ್‌ಗಳು ಸಮುದ್ರತೀರಕ್ಕೆ ಬಹಳ ವರ್ಷ ಓಡಲಿಲ್ಲ. ಆ ದಾರಿಗೆ ವಿದ್ಯುತ್ ರೈಲು ಬಂತು. ಇವು ಹಳತಾಗಿರಲಿಲ್ಲ, ಕೆಟ್ಟಿರಲಿಲ್ಲ. ಆ ದಾರಿಯಲ್ಲಿ ಕೆಲಸ ಮುಗಿದಿತ್ತು, ಅಷ್ಟೇ. ಹಾಗಾಗಿ ಪಕ್ಕದ ತೊಟ್ಟಿಗಳನ್ನು ತೆಗೆದು, ಹಿಂದೆ ಟೆಂಡರು ಕಟ್ಟಿ, ಬೇರೆ ದೂರದ ದಾರಿಗಳಿಗೆ ಕಳಿಸಿದರು. ಅಲ್ಲಿಯೂ ಅವು ಚೆನ್ನಾಗಿಯೇ ಓಡಿದವಂತೆ. ಅವನ್ನು ಮೊದಲು ನೋಡಿದ್ದವರಿಗೆ ಮಾತ್ರ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತೋ ಏನೋ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ಸಂಜೆಯೂ ಹೇಳಲಿಲ್ಲ.

ಕೊನೆಯ ಸಲ ಎಂದು ಯಾರೂ ಹೇಳದಿದ್ದರೂ ಕೊನೆಯ ಸಲದ ಓಟ ಮುಗಿಯಿತು. ನಮ್ಮವರು ಕರೆಂಟು ತೆಗೆದರು. ಹಮೀದಾಕ ಕುಕ್ಕರುಗಾಲಿನಲ್ಲಿ ಕೂತು ಇಂಜಿನ್ನಿನ ಹಿಂದಿನ ಕೊಕ್ಕೆಯನ್ನು, ಡಬ್ಬಿ ಸಿಕ್ಕಿಸುವ ಆ ಸಾಸಿವೆಕಾಳಿನಷ್ಟು ಕೊಕ್ಕೆಯನ್ನು, ಉಗುರಿನಿಂದ ಎತ್ತಿ ಬಿಟ್ಟು ನೋಡಿದರು. ಆಮೇಲೆ ಮೊಣಕಾಲಿಗೆ ಕೈಕೊಟ್ಟು ಎದ್ದು, ಲುಂಗಿ ಸರಿಮಾಡಿಕೊಂಡು, ಮರುದಿನದ ಹಾಲು ಪೇಪರಿನ ಬಗ್ಗೆ ಹೇಳಿದ ಹಾಗೆ ಹೇಳಿದರು:

"ಇಷ್ಟು ವರ್ಷ ಇಂಜಿನ್ನೇ ಮಾಡ್ತಾ ಕೂತೆವು, ಎಳೀಲಿಕ್ಕೆ ಒಂದು ಡಬ್ಬಿ ಮಾಡ್ಲಿಲ್ಲ ನೋಡಿ. ಡಬ್ಬಿ ನಾನು ಊರಿಂದ ಮಾಡಿ ಕಳಿಸ್ತೇನೆ ಶೆಟ್ರೇ. ಆದ್ರೆ ಬಣ್ಣ ನೀವೇ ಹಚ್ಬೇಕು, ನಂಗೆ ಆ ಗೆರೆ ಎಲ್ಲ ಎಳೀಲಿಕ್ಕೆ ಬರುವುದಿಲ್ಲ."